ಅಕ್ಕನ ಲಿವರ್ ಕಸಿಗೆ ದೂರದ ನಗರಕ್ಕೆ ಹೋಗುತ್ತಿದ್ದೇವೆ: ಜನರಲ್ಲಿ ಎಷ್ಟು ಹಣ ಕೇಳುವುದು, ಹೇಗೆ ಕೇಳುವುದು?

ಮುಂಜಾವು ಬರೆದದ್ದು:

ನನ್ನ ಅಕ್ಕನಿಗೆ ಸಿರೋಸಿಸ್ ಕೊನೆಯ ಹಂತಕ್ಕೆ ಬಂದಿದ್ದು, ಲಿವರ್ ಕಸಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲವೆಂದು ವೈದ್ಯರು ತಿಳಿಸಿದ್ದಾರೆ. ನಾವಿರುವಲ್ಲಿ ಕಸಿಯ ಸೌಲಭ್ಯವಿಲ್ಲದ ಕಾರಣ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ನಗರಕ್ಕೆ ಹೋಗಬೇಕಾಗಿದೆ. ಭಾವನ ರಕ್ತದ ಗುಂಪು ಹೊಂದುತ್ತದೆ, ಮೊದಲ ಸುತ್ತಿನ ತಪಾಸಣೆಗಳಲ್ಲಿ ತೊಂದರೆ ಕಂಡಿಲ್ಲ. ಆದ್ದರಿಂದ ಲಿವರಿನ ಭಾಗವನ್ನು ಅವರೇ ಕೊಡಲಿದ್ದಾರೆ. ಆಸ್ಪತ್ರೆಯ ಅಂದಾಜು ಪತ್ರ ಕೈಗೆ ಬಂದಿದೆ. ವಿಮೆ ಮತ್ತು ಮನೆಯ ಉಳಿತಾಯ ಸೇರಿದರೆ ಅದರ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಉಳಿದದ್ದಕ್ಕೆ ಆನ್‌ಲೈನ್‌ನಲ್ಲಿ ಸಹಾಯದ ಮನವಿ ಹಾಕೋಣವೆಂದು ಕುಟುಂಬದಲ್ಲಿ ಮಾತಾಗಿದೆ.

ಈಗ ಎದ್ದಿರುವ ಪ್ರಶ್ನೆಗಳು ಇವು. ಅಂದಾಜು ಪತ್ರದಲ್ಲಿ ಕೊರತೆ ಬೀಳುವ ಮೊತ್ತವನ್ನಷ್ಟೇ ಕೇಳಬೇಕೇ, ಅಥವಾ ಹೆಚ್ಚು ಕೇಳಬೇಕೇ? ದೊಡ್ಡ ಮೊತ್ತ ನೋಡಿದರೆ ಜನ ಹಿಂದೆ ಸರಿಯುತ್ತಾರೆಂದು ಚಿಕ್ಕಪ್ಪ ಹೇಳುತ್ತಾರೆ. ಹಣ ಯಾರ ಖಾತೆಗೆ ಬರಬೇಕು? ತನ್ನ ಫೋಟೋ ಹಾಕಕೂಡದೆಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಾಳೆ. ಫೋಟೋ ಇಲ್ಲದ ಮನವಿಗೆ ಯಾರಾದರೂ ಸ್ಪಂದಿಸುತ್ತಾರೆಯೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಕಡತ ಬರೆದದ್ದು:

ನಾನು ಬಹಳ ವರ್ಷ ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಒಂದು ವಿನಂತಿ: ಅಂದಾಜು ಪತ್ರದ ಮೇಲ್ಭಾಗದ ಮೊತ್ತವನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ‘ಇದರಲ್ಲಿ ಸೇರಿರುವುದಿಲ್ಲ’ ಎಂಬ ಭಾಗವನ್ನು ನಿಧಾನವಾಗಿ ಓದಿ. ಕಸಿಯ ಪ್ಯಾಕೇಜುಗಳಲ್ಲಿ ಐಸಿಯುವಿನ ದಿನಗಳಿಗೆ ಮಿತಿ ಇರುತ್ತದೆ. ಅದು ಮೀರಿದರೆ ಪ್ರತಿ ದಿನಕ್ಕೂ ಬೇರೆ ಬಿಲ್ಲು. ರಕ್ತ, ಪ್ಲೇಟ್‌ಲೆಟ್, ಪ್ಲಾಸ್ಮಾಗಳು ಹಲವು ಕಡೆ ಹೊರಗಿರುತ್ತವೆ. ದುಬಾರಿ ಆ್ಯಂಟಿಬಯಾಟಿಕ್‌ಗಳು, ಶಿಲೀಂಧ್ರದ ಸೋಂಕಿನ ಔಷಧಗಳು, ಡಯಾಲಿಸಿಸ್ ಬೇಕಾದರೆ ಅದು, ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾದರೆ ಅದು, ಹೀಗೆ ಒಂದೊಂದೂ ಪ್ಯಾಕೇಜಿನ ಹೊರಗೆ ನಿಂತಿರಬಹುದು. ದಾನಿಯ ಆಪರೇಷನ್ ಮತ್ತು ಇಬ್ಬರ ತಪಾಸಣೆಯ ಖರ್ಚು ಅದೇ ಮೊತ್ತದಲ್ಲಿ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಹಾಗೆಯೇ ವಿಮಾ ಕಂಪನಿಯಿಂದ ಮುಂಗಡ ಒಪ್ಪಿಗೆ ಪತ್ರ ಬಂದಿದೆಯೇ ಎಂದು ನೋಡಿ. ಪಾಲಿಸಿಯ ಒಟ್ಟು ಮಿತಿ ಒಂದು, ಈ ಕಾಯಿಲೆಗೆ ಅವರು ಒಪ್ಪುವ ಮೊತ್ತ ಇನ್ನೊಂದು. ದಾನಿಯ ಖರ್ಚನ್ನು ಭರಿಸದ ಪಾಲಿಸಿಗಳೂ ಇವೆ. ಆ ಪತ್ರ ಬರುವವರೆಗೆ ‘ಅರ್ಧಕ್ಕಿಂತ ತುಸು ಹೆಚ್ಚು’ ಎಂಬ ನಿಮ್ಮ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದೇ ಕ್ಷೇಮ.

ಶುಶ್ರೂಷಕಿ ಬರೆದದ್ದು:

ಕಡತ ಅವರು ಡಿಸ್ಚಾರ್ಜ್‌ವರೆಗಿನ ಲೆಕ್ಕ ಹೇಳಿದ್ದಾರೆ. ಕಸಿಯ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ ಕಂಡಂತೆ ಕುಟುಂಬಗಳ ಹಣ ಮುಗಿಯುವುದು ಡಿಸ್ಚಾರ್ಜ್ ಆದ ಮೇಲೆ.

ಜೀವಂತ ದಾನಿಯ ಕಸಿಯಲ್ಲಿ ಒಂದೇ ದಿನ ಒಂದೇ ಮನೆಯ ಇಬ್ಬರು ರೋಗಿಗಳಾಗುತ್ತಾರೆ ಎಂಬುದನ್ನು ಹೊರಗಿನವರು ಇರಲಿ, ಮನೆಯವರೇ ಮರೆಯುತ್ತಾರೆ. ದಾನಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಆಸ್ಪತ್ರೆಯಿಂದ ಹೊರಬರುತ್ತಾರೆ. ಆದರೆ ಕುಳಿತು ಮಾಡುವ ಕೆಲಸಕ್ಕೆ ಮರಳಲು ಒಂದೂವರೆ ಎರಡು ತಿಂಗಳು, ಭಾರ ಎತ್ತುವ ಕೆಲಸಕ್ಕೆ ಸುಮಾರು ಮೂರು ತಿಂಗಳು ಬೇಕಾಗುತ್ತದೆ. ನಿಮ್ಮ ಭಾವನ ಸಂಬಳ ಅಷ್ಟು ಕಾಲ ಬರುತ್ತದೆಯೇ? ಅಕ್ಕನ ಜೊತೆ ಒಬ್ಬರು, ಭಾವನ ಜೊತೆ ಇನ್ನೊಬ್ಬರು ಎಂದು ಇಬ್ಬರು ಸಹಾಯಕರು ಬೇಕಾಗುತ್ತಾರೆ. ಅವರ ರಜೆ, ಊಟ, ವಾಸ್ತವ್ಯಗಳೂ ಲೆಕ್ಕಕ್ಕೆ ಬರಬೇಕು.

ಅಕ್ಕನ ವಿಷಯಕ್ಕೆ ಬಂದರೆ, ಆಸ್ಪತ್ರೆಯಲ್ಲಿ ಎರಡು ಮೂರು ವಾರ, ಅನಂತರ ಆಸ್ಪತ್ರೆಗೆ ಹತ್ತಿರದಲ್ಲೇ ಎರಡು ಮೂರು ತಿಂಗಳು ಎಂದು ಇಟ್ಟುಕೊಳ್ಳಿ. ದೇಹವು ಹೊಸ ಲಿವರನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಎಂಬ ಮಾತ್ರೆಯ ಪ್ರಮಾಣ ತುಸು ಕಡಿಮೆಯಾದರೆ ತಿರಸ್ಕಾರ, ತುಸು ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಆದ್ದರಿಂದ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಟ್ಟು ಮಟ್ಟ ನೋಡಿಸಬೇಕಾಗುತ್ತದೆ. ಆರಂಭದಲ್ಲಿ ಈ ಪರೀಕ್ಷೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿಯೂ ಇರುತ್ತದೆ. ಸೈಟೊಮೆಗಾಲೊ ವೈರಸ್ ತಡೆಯಲು ಕೆಲವರಿಗೆ ತಿಂಗಳುಗಟ್ಟಲೆ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಕೊಡುತ್ತಾರೆ. ಅದು ಅಗ್ಗದ ಮಾತ್ರೆಯಲ್ಲ. ಜೀವಂತ ದಾನಿಯ ಕಸಿಯಲ್ಲಿ ಪಿತ್ತನಾಳದ ತೊಂದರೆ ಹೆಚ್ಚು. ನಾಳ ಕಿರಿದಾದರೆ ಮತ್ತೆ ದಾಖಲಾಗಿ, ಬಾಯಿಯ ಮೂಲಕ ಕೊಳವೆ ಇಳಿಸಿ ಸ್ಟೆಂಟ್ ಹಾಕಿಸಿಕೊಳ್ಳಬೇಕು, ಕೆಲವರಿಗೆ ಹಲವು ಬಾರಿ. ಇವ್ಯಾವುವೂ ನಿಮ್ಮ ಅಂದಾಜು ಪತ್ರದಲ್ಲಿ ಇರಲಾರವು.

ವಸತಿಯ ಬಗ್ಗೆಯೂ ಒಂದು ಮಾತು. ಹತ್ತು ಜನ ಮಲಗುವ ಕೊಠಡಿಯ ಧರ್ಮಛತ್ರ ಸಹಾಯಕರಿಗೆ ಸರಿ, ಆದರೆ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುವ ಅಕ್ಕನಿಗೆ ಆ ಮೊದಲ ತಿಂಗಳುಗಳಲ್ಲಿ ಸಲ್ಲದು. ಪ್ರತ್ಯೇಕ ಶೌಚಾಲಯವಿರುವ ಸ್ವಚ್ಛ ಕೋಣೆಯ ಬಾಡಿಗೆಯನ್ನು ಔಷಧದ ಖರ್ಚೆಂದೇ ಬರೆಯಿರಿ.

ತಕ್ಕಡಿ ಬರೆದದ್ದು:

ಮೇಲಿನ ಇಬ್ಬರೂ ಹೇಳಿದ್ದು ನಿಜವೇ ಇರಬಹುದು, ಆದರೆ ಕೇಳುವವರ ಕಡೆಯಿಂದಲ್ಲದೆ ಕೊಡುವವರ ಕಡೆಯಿಂದಲೂ ನೋಡಬೇಕು. ಅಮೆರಿಕದಲ್ಲಿ ಗೋಫಂಡ್‌ಮಿ ತಾಣದ ವೈದ್ಯಕೀಯ ಮನವಿಗಳನ್ನು ಸಂಶೋಧಕರು ಪರಿಶೀಲಿಸಿದ್ದಾರೆ. 2016ರಿಂದ 2020ರವರೆಗಿನ 4,37,000ಕ್ಕೂ ಹೆಚ್ಚು ಮನವಿಗಳಲ್ಲಿ ಗುರಿ ಮುಟ್ಟಿದವು ಶೇಕಡಾ 12ಕ್ಕಿಂತ ಕಡಿಮೆ. ಶೇಕಡಾ 16ರಷ್ಟಕ್ಕೆ ಒಬ್ಬರೂ ಹಣ ಕೊಟ್ಟಿರಲಿಲ್ಲ. ಅಪರಿಚಿತರು ಸಾಲುಗಟ್ಟಿ ನಿಂತು ಹಣ ಕೊಡುತ್ತಾರೆಂಬ ನಂಬಿಕೆಯಿಂದ ಯಾರೂ ಆಸ್ಪತ್ರೆಗೆ ಹೊರಡಬಾರದು. ಪರಿಸ್ಥಿತಿ ಹೀಗಿರುವಾಗ ಆಪರೇಷನ್ನಿಗೆ ಬೇಕಾದದ್ದನ್ನು ಮೊದಲು ಕೇಳಿ, ಉಳಿದದ್ದನ್ನು ಆಮೇಲೆ ಕೇಳುವುದೇ ಜಾಣತನವೆಂದು ನನ್ನ ಅಭಿಪ್ರಾಯ. ನಿಮ್ಮ ಚಿಕ್ಕಪ್ಪನವರ ಮಾತಿನಲ್ಲಿ ಹುರುಳಿದೆ.

ಕಸಿಯಾದವನು ಬರೆದದ್ದು:

ತಕ್ಕಡಿಯವರ ಅಂಕಿಅಂಶಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ನನಗೇ ಕಸಿಯಾಗಿದೆ, ಮನೆಯಿಂದ ಬಹು ದೂರದಲ್ಲಿ. ನನ್ನ ಗೆಳೆಯರು ಆಪರೇಷನ್ನಿಗೆಂದು ಒಮ್ಮೆ, ಅನಂತರದ ಔಷಧಕ್ಕೆಂದು ಇನ್ನೊಮ್ಮೆ ಮನವಿ ಮಾಡಿದ್ದರು. ಮೊದಲನೆಯದಕ್ಕೆ ಜನ ಕರಗಿದರು. ಎರಡನೆಯದಕ್ಕೆ ಬಂದದ್ದು ಅದರ ಒಂದು ಚೂರು. ‘ಆಪರೇಷನ್ ಚೆನ್ನಾಗಿ ಆಯಿತಂತಲ್ಲ, ದೇವರು ದೊಡ್ಡವನು’ ಎಂದು ಮನಸಾರೆ ಹಾರೈಸಿದವರೇ ಹೆಚ್ಚು, ಅವರಲ್ಲಿ ಯಾರನ್ನೂ ದೂರಲಾರೆ. ಆಪರೇಷನ್ ಎಂಬುದಕ್ಕೆ ಒಂದು ದಿನಾಂಕವಿದೆ, ಅದರ ಸುತ್ತ ಎಲ್ಲರ ಆತಂಕವೂ ಒಟ್ಟುಗೂಡುತ್ತದೆ. ದಿನಕ್ಕೆ ಎರಡು ಹೊತ್ತು ನುಂಗುವ ಮಾತ್ರೆಗೆ ಅಂಥ ದಿನಾಂಕವಿಲ್ಲ. ಆದರೆ ಆ ಮಾತ್ರೆಯನ್ನು ಹಣವಿಲ್ಲವೆಂದು ಬಿಟ್ಟರೆ ಅದಕ್ಕೂ ಮೊದಲಿನ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಆದ್ದರಿಂದ ಒಂದೇ ಮನವಿ ಇರಲಿ, ಪೂರ್ಣ ಮೊತ್ತವನ್ನು ಮೊದಲ ದಿನವೇ ಹೇಳಿ. ಮೊತ್ತ ದೊಡ್ಡದೆಂಬುದಕ್ಕಿಂತ ಅದು ಹೇಗೆ ಬಂತೆಂದು ತಿಳಿಯದಿರುವುದು ಜನರನ್ನು ಹಿಂದೆ ಸರಿಸುತ್ತದೆ. ಆಸ್ಪತ್ರೆಗೆ ಇಷ್ಟು, ವಿಮೆಯಿಂದ ಇಷ್ಟು, ನಾವು ಹಾಕುವುದು ಇಷ್ಟು, ಮೂರು ತಿಂಗಳ ವಾಸ್ತವ್ಯಕ್ಕೆ ಇಷ್ಟು, ಮೊದಲ ವರ್ಷದ ಔಷಧಕ್ಕೆ ಇಷ್ಟು ಎಂದು ಬಿಡಿಸಿಟ್ಟರೆ ಓದುವವರು ತಾವೇ ಕೂಡಿ ನೋಡುತ್ತಾರೆ. ‘ನಾನು ಒಂದು ತಿಂಗಳ ಮಾತ್ರೆಯ ಖರ್ಚು ನೋಡಿಕೊಳ್ಳುತ್ತೇನೆ’ ಎಂದು ಮುಂದೆ ಬರುವವರು ಇದ್ದೇ ಇರುತ್ತಾರೆ. ಮಾತ್ರೆಯ ಸಾಲು ಅಲ್ಲಿ ಕಾಣದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಮುಂಜಾವು ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಅಂದಾಜು ಪತ್ರವನ್ನು ಮತ್ತೆ ಓದಿದೆ. ದಾನಿಯ ಆಪರೇಷನ್ ಸೇರಿದೆ, ತಪಾಸಣೆಗಳು ಸೇರಿಲ್ಲ. ರಕ್ತದ ಘಟಕಗಳೂ ಹೊರಗೆ. ಭಾವನಿಗೆ ಸಂಬಳಸಹಿತ ರಜೆ ಒಂದು ತಿಂಗಳಿಗಷ್ಟೇ ಇದೆ. ಇವನ್ನೆಲ್ಲ ಸೇರಿಸಿದರೆ ಕೊರತೆಯ ಮೊತ್ತ ನಾನು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದಾಗುತ್ತದೆ, ಆದರೂ ಒಂದೇ ಮನವಿಯಲ್ಲಿ ಹೇಳುವುದು ಸರಿಯೆನಿಸುತ್ತಿದೆ. ಖಾತೆಯ ವಿಷಯ ಮತ್ತು ಆನ್‌ಲೈನ್ ಮನವಿಯಲ್ಲದೆ ಬೇರೆ ಮೂಲಗಳ ವಿಷಯ ಯಾರಾದರೂ ವಿವರಿಸಬಹುದೇ?

ಕಡತ ಬರೆದದ್ದು:

ಬೇರೆ ಮೂಲಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಸಮಯದ ಪ್ರಶ್ನೆ ಇದೆ. ಚಿಕಿತ್ಸೆಗೆ ನೆರವು ನೀಡುವ ಸರ್ಕಾರಿ ನಿಧಿಗಳು, ಧರ್ಮಾರ್ಥ ಟ್ರಸ್ಟ್‌ಗಳು, ಭಾವನವರ ಕಚೇರಿಯ ಕ್ಷೇಮಾಭಿವೃದ್ಧಿ ನಿಧಿಯಂಥವು ಸಾಮಾನ್ಯವಾಗಿ ಆಪರೇಷನ್ನಿಗೆ ಮೊದಲು ಬಂದ ಅರ್ಜಿಗಳನ್ನಷ್ಟೇ ಪರಿಗಣಿಸುತ್ತವೆ ಮತ್ತು ಹಣವನ್ನು ನೇರವಾಗಿ ಆಸ್ಪತ್ರೆಗೆ ಕಳುಹಿಸುತ್ತವೆ. ಆಪರೇಷನ್ ಮುಗಿಸಿ ಬಿಲ್ಲು ಹಿಡಿದು ಹೋದವರಿಗೆ ಬಾಗಿಲು ಮುಚ್ಚಿರುತ್ತದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಕಾಗದಗಳನ್ನು: ವೈದ್ಯರ ಸಹಿಯಿರುವ ಅಂದಾಜು ಪತ್ರದ ಮೂಲಪ್ರತಿ, ರೋಗದ ವಿವರ, ಗುರುತಿನ ಚೀಟಿ, ಆದಾಯದ ದಾಖಲೆ. ಮೂಲಪ್ರತಿಗಳನ್ನು ಹಲವು ಕಡೆಗೆ ಬೇಕಾಗುವುದರಿಂದ ಆಸ್ಪತ್ರೆಯಿಂದ ಒಂದೇ ಬಾರಿಗೆ ಆರೇಳು ಸಹಿ ಮಾಡಿದ ಪ್ರತಿಗಳನ್ನು ಪಡೆದುಕೊಳ್ಳಿ. ಹೀಗೆ ಬರುವ ಮಂಜೂರಾತಿ ಪತ್ರಕ್ಕೆ ಅವಧಿ ನಮೂದಾಗಿರುತ್ತದೆ. ಜ್ವರವೋ ಸೋಂಕೋ ಬಂದು ಆಪರೇಷನ್ ಮುಂದೆ ಹೋದರೆ ಆ ಅವಧಿ ಮುಗಿದುಹೋಗಬಹುದು. ದಿನಾಂಕ ಬದಲಾದ ಕೂಡಲೇ ವಿಸ್ತರಣೆಗೆ ಬರೆಯಲು ಒಬ್ಬರನ್ನು ನೇಮಿಸಿ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದರೆ ಅವರನ್ನು ಮೊದಲ ವಾರದಲ್ಲೇ ಕಾಣಿ. ಯಾವ ಟ್ರಸ್ಟ್ ಈಗ ನಿಜವಾಗಿ ಹಣ ಬಿಡುಗಡೆ ಮಾಡುತ್ತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ವೆಬ್‌ಸೈಟಿಗೂ ಗೊತ್ತಿರುವುದಿಲ್ಲ.

ಇನ್ನು ಖಾತೆ. ಆಸ್ಪತ್ರೆಗೆ ಸಲ್ಲಬೇಕಾದ ಪಾಲು ಸಾಧ್ಯವಾದಷ್ಟೂ ನೇರವಾಗಿ ಆಸ್ಪತ್ರೆಯ ರೋಗಿ ಖಾತೆಗೇ ಹೋಗಲಿ. ಕೊಡುವವರಿಗೆ ಅದಕ್ಕಿಂತ ದೊಡ್ಡ ಭರವಸೆ ಬೇಡ. ಆದರೆ ಬಾಡಿಗೆ, ಪ್ರಯಾಣ, ಹೊರಗಿನ ಔಷಧದಂಗಡಿಯ ಬಿಲ್ಲುಗಳನ್ನು ಆಸ್ಪತ್ರೆ ಪಾವತಿಸುವುದಿಲ್ಲ, ಆದ್ದರಿಂದ ಇನ್ನೊಂದು ಪ್ರತ್ಯೇಕ ಬ್ಯಾಂಕ್ ಖಾತೆ ಬೇಕೇ ಬೇಕು. ಅದು ಅಕ್ಕ ಅಥವಾ ಭಾವನ ಹೆಸರಿನಲ್ಲಷ್ಟೇ ಇದ್ದರೆ, ಇಬ್ಬರೂ ಐಸಿಯುವಿನಲ್ಲಿರುವ ದಿನ ಸಹಿ ಮಾಡುವವರು ಯಾರು? ನಿಮ್ಮನ್ನೂ ಸೇರಿಸಿ ಜಂಟಿ ಖಾತೆ ತೆರೆಯಿರಿ. ಆದಾಯದ ಮಿತಿಯ ಆಧಾರದಲ್ಲಿ ಯಾವುದಾದರೂ ಸರ್ಕಾರಿ ಸೌಲಭ್ಯ ಪಡೆಯುತ್ತಿದ್ದರೆ, ಖಾತೆಗೆ ಏಕಾಏಕಿ ಬಂದ ದೊಡ್ಡ ಮೊತ್ತ ಅದಕ್ಕೆ ತೊಡಕಾಗಬಹುದು. ತೆರಿಗೆ ತಿಳಿದವರೊಬ್ಬರನ್ನು ಮುಂಚೆಯೇ ಕೇಳಿ.

ಆನ್‌ಲೈನ್ ತಾಣಗಳಲ್ಲಿ ಸಂಗ್ರಹವಾದ ಹಣ ಪರಿಶೀಲನೆ ಮುಗಿದು ಕೈಗೆ ಬರಲು ದಿನಗಳು ಹಿಡಿಯುತ್ತವೆ, ಪಾವತಿ ಶುಲ್ಕವೂ ಕಡಿತವಾಗುತ್ತದೆ, ಕೆಲವು ತಾಣಗಳು ತಮ್ಮ ಶುಲ್ಕವನ್ನು ಬೇರೆ ಹಿಡಿಯುತ್ತವೆ. ಆಸ್ಪತ್ರೆಯ ಅಡ್ವಾನ್ಸ್ ಕಟ್ಟಬೇಕಾದ ದಿನದ ಹಿಂದಿನ ರಾತ್ರಿ ಪರದೆಯ ಮೇಲೆ ಕಾಣುವ ಮೊತ್ತ ನಿಮ್ಮ ಕೈಯಲ್ಲಿರುವ ಮೊತ್ತವಲ್ಲ.

ತಕ್ಕಡಿ ಬರೆದದ್ದು:

ಕಸಿಯಾದವರು ಹೇಳಿದ ಮೇಲೆ ಎರಡು ಮನವಿಗಳ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಪೂರ್ಣ ಮೊತ್ತ ಕೇಳುವವರು ಇನ್ನೊಂದನ್ನೂ ಬರೆಯಬೇಕು: ಹಣ ಉಳಿದರೆ ಏನಾಗುತ್ತದೆ, ಆಪರೇಷನ್ ನಡೆಯದೇ ಹೋದರೆ ಏನಾಗುತ್ತದೆ. ದಾನಿ ಕೊನೆಯ ತಪಾಸಣೆಯಲ್ಲಿ ಅನರ್ಹರಾಗಬಹುದು. ರೋಗಿಯ ಸ್ಥಿತಿ ಹದಗೆಡಬಹುದು. ಅದನ್ನು ಮೊದಲೇ ಬರೆಯದಿದ್ದರೆ, ಆ ದುಃಖದ ನಡುವೆ ಲೆಕ್ಕ ಕೇಳುವವರೂ ಲೆಕ್ಕ ಕೊಡುವವರೂ ನರಳಬೇಕಾಗುತ್ತದೆ.

ನೆರೆಯವಳು ಬರೆದದ್ದು:

ಚಿಕಿತ್ಸೆಗೆ ಹೊರಟವಳ ಮನವಿಯಲ್ಲಿ ಅಶುಭವನ್ನು ಬರೆಯಿರಿ ಎನ್ನುವುದು ನನಗೆ ಸರಿಕಾಣಲಿಲ್ಲ. ಆ ಅಕ್ಕ ತಾನೇ ಅದನ್ನು ಓದಬೇಕಲ್ಲವೇ? ‘ಉಳಿಯುವ ಹಣವನ್ನು ಇದೇ ವಾರ್ಡಿನ ಬೇರೊಬ್ಬ ರೋಗಿಯ ಚಿಕಿತ್ಸೆಗೆ ಕೊಡುತ್ತೇವೆ’ ಎಂದು ಒಂದು ಸಾಲು ಬರೆದರೆ ಎಲ್ಲ ಸಂದರ್ಭಗಳೂ ಅದರೊಳಗೆ ಬರುತ್ತವೆ, ಯಾರ ಮನಸ್ಸೂ ನೋಯುವುದಿಲ್ಲ.

ಫೋಟೋದ ಪ್ರಶ್ನೆಯನ್ನು ಯಾರೂ ಎತ್ತಿಕೊಂಡಿಲ್ಲ. ಮೂಗಿಗೆ ನಳಿಗೆ ಹಾಕಿ ಮಲಗಿಸಿದ ಫೋಟೋ ಹಾಕಿದರೆ ಹಣ ಬೇಗ ಬರುತ್ತದೆಂದು ಹೇಳುವವರು ಸಿಗುತ್ತಾರೆ, ಕಿವಿಗೊಡಬೇಡಿ. ಆಕೆ ಗುಣವಾಗಿ ಹತ್ತು ವರ್ಷ ಕಳೆದ ಮೇಲೂ ಆ ಚಿತ್ರ ಎಲ್ಲೋ ತಿರುಗುತ್ತಿರುತ್ತದೆ, ಮಕ್ಕಳ ಕಣ್ಣಿಗೂ ಬೀಳುತ್ತದೆ. ಇಷ್ಟಕ್ಕೂ ಹಣದ ಬಹುಪಾಲು ಬರುವುದು ಆಕೆಯನ್ನು ಬಲ್ಲವರಿಂದ. ಅವರಿಗೆ ಆಕೆಯ ಮುಖ ಗೊತ್ತು. ನಾನು ನೆರೆಮನೆಯವರಿಗಾಗಿ ಈ ಕೆಲಸ ಮಾಡಿದಾಗ ಕಂಡದ್ದೇನೆಂದರೆ, ಇನ್ನೂರು ಜನರಿರುವ ವಾಟ್ಸಾಪ್ ಗುಂಪಿಗೆ ಹಾಕಿದ ಸಂದೇಶಕ್ಕೆ ಕೈಮುಗಿದ ಚಿಹ್ನೆಗಳು ಬಂದವು. ಅದೇ ಗುಂಪಿನವರಿಗೆ ಒಬ್ಬೊಬ್ಬರಿಗೇ ಹೆಸರು ಹಿಡಿದು ಫೋನ್ ಮಾಡಿದಾಗ ಹಣ ಬಂತು. ಆ ಫೋನನ್ನು ನೀವಾಗಲಿ ಭಾವನಾಗಲಿ ಮಾಡುವುದು ಕಷ್ಟ, ಮಾತು ಗಂಟಲಲ್ಲೇ ನಿಲ್ಲುತ್ತದೆ. ಅಕ್ಕನ ಸಹಪಾಠಿಗಳಲ್ಲಿ ಒಬ್ಬರು, ಕಚೇರಿಯಲ್ಲಿ ಒಬ್ಬರು, ನೆಂಟರಲ್ಲಿ ಒಬ್ಬರು ಎಂದು ಮೂವರಿಗೆ ಹಂಚಿಕೊಡಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಎಲ್ಲಿಯೂ ಬಹಿರಂಗ ಮಾಡಬೇಡಿ. ನೆಂಟರು ಕೊಟ್ಟದ್ದು ಸಾಲವೋ ಸಹಾಯವೋ ಎಂಬುದನ್ನು ಮಾತ್ರ ಅಂದೇ ಬರೆದಿಟ್ಟುಕೊಳ್ಳಿ.

ಶುಶ್ರೂಷಕಿ ಬರೆದದ್ದು:

ನೆರೆಯವಳ ಮಾತಿಗೆ ಇನ್ನೆರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ವೈದ್ಯಕೀಯ ವರದಿಗಳನ್ನು ಹಾಕುವುದಾದರೆ ರೋಗಿಯ ನೋಂದಣಿ ಸಂಖ್ಯೆ, ವಿಳಾಸ, ಫೋನ್ ನಂಬರುಗಳನ್ನು ಮುಚ್ಚಿ ಹಾಕಿ. ಮನವಿಯನ್ನೇ ನಕಲು ಮಾಡಿ ಬೇರೆ ಖಾತೆ ಸಂಖ್ಯೆ ಸೇರಿಸಿ ಹರಡುವ ವಂಚಕರಿದ್ದಾರೆ. ‘ಈ ಕೊಂಡಿಯನ್ನು ಬಿಟ್ಟು ಬೇರೆಲ್ಲೂ ನಾವು ಹಣ ಸಂಗ್ರಹಿಸುತ್ತಿಲ್ಲ’ ಎಂದು ಮೊದಲ ಸಾಲುಗಳಲ್ಲೇ ಬರೆಯಿರಿ.

ಎರಡನೆಯದು ಇನ್ನೂ ಗಂಭೀರವಾದದ್ದು. ಭಾವ ಒಂದು ವೇಳೆ ಅನರ್ಹರಾದರೆ, ಗಾಬರಿಯಲ್ಲಿ ‘ಇಂಥ ರಕ್ತದ ಗುಂಪಿನ ದಾನಿ ಬೇಕಾಗಿದ್ದಾರೆ’ ಎಂದು ಹಣದ ಮನವಿಯ ಜೊತೆಗೇ ಬರೆಯಬೇಡಿ. ಮರುದಿನವೇ ದಲ್ಲಾಳಿಗಳ ಫೋನ್ ಬರುತ್ತದೆ. ಅಂಗಾಂಗಕ್ಕೆ ಹಣ ಕೊಡುವುದು ಬಹುತೇಕ ಎಲ್ಲ ದೇಶಗಳಲ್ಲೂ ಅಪರಾಧ. 2008ರ ಇಸ್ತಾಂಬುಲ್ ಘೋಷಣೆಯಲ್ಲಿ ಜಗತ್ತಿನ ಕಸಿ ತಜ್ಞರು ಈ ವ್ಯಾಪಾರವನ್ನು ಖಂಡಿಸಿದ್ದಾರೆ. ದಾನಿಯ ಬಗ್ಗೆ ಏನೇ ಇದ್ದರೂ ಆಸ್ಪತ್ರೆಯ ಕಸಿ ಸಂಯೋಜಕರ ಮೂಲಕವೇ ನಡೆಯಬೇಕು.

ಮುಂಜಾವು ಬರೆದದ್ದು:

ಅಕ್ಕನಿಗೆ ಈ ಚರ್ಚೆಯನ್ನೆಲ್ಲ ಓದಿಸಿದೆ. ತಕ್ಕಡಿಯವರ ಮಾತಿಗೆ ಅವಳು ಬೇಸರಪಟ್ಟುಕೊಳ್ಳಲಿಲ್ಲ. ‘ಬರೀ, ನಾನು ಲೆಕ್ಕದ ಮೇಡಂ ಅಲ್ವೇನೋ’ ಎಂದಳು. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳೇ ಹೇಳಿ ಬರೆಸಿದ ಕರಡು ಹೀಗಿದೆ:

‘ನಾನು ಶಿಕ್ಷಕಿ. ನನ್ನ ಲಿವರ್ ಕೆಲಸ ನಿಲ್ಲಿಸುತ್ತಿದೆ. ನನ್ನ ಪತಿ ತಮ್ಮ ಲಿವರಿನ ಭಾಗವನ್ನು ಕೊಡುತ್ತಿದ್ದಾರೆ. ಆಪರೇಷನ್ ಮತ್ತು ಅನಂತರದ ಒಂದು ವರ್ಷದ ಚಿಕಿತ್ಸೆಗೆ ತಗಲುವ ಖರ್ಚನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ. ವಿಮೆ ಮತ್ತು ನಮ್ಮ ಉಳಿತಾಯವನ್ನು ಕಳೆದು ಉಳಿದದ್ದನ್ನು ನಿಮ್ಮಲ್ಲಿ ಕೇಳುತ್ತಿದ್ದೇವೆ. ಪ್ರತಿ ತಿಂಗಳ ಮೊದಲ ವಾರದಲ್ಲಿ ಖರ್ಚಿನ ವಿವರ ಇಲ್ಲಿ ಬರುತ್ತದೆ. ಯಾವುದೇ ಕಾರಣಕ್ಕೆ ಆಪರೇಷನ್ ನಡೆಯದಿದ್ದರೆ, ಅಥವಾ ಹಣ ಉಳಿದರೆ, ಅದು ಇದೇ ಆಸ್ಪತ್ರೆಯ ಇನ್ನೊಬ್ಬ ರೋಗಿಗೆ ಹೋಗುತ್ತದೆ. ನನ್ನ ಫೋಟೋ ಇಲ್ಲ, ಕ್ಷಮಿಸಿ. ನನ್ನ ವಿದ್ಯಾರ್ಥಿಗಳು ನನ್ನನ್ನು ಹಾಗೆ ನೋಡುವುದು ನನಗೆ ಇಷ್ಟವಿಲ್ಲ.’

ಫೋಟೋದ ಬದಲು ಕಪ್ಪುಹಲಗೆಯ ಮೇಲಿನ ಅವಳ ಕೈಬರಹದ ಚಿತ್ರ ಹಾಕುತ್ತಿದ್ದೇವೆ. ಏನಾದರೂ ತಿದ್ದಬೇಕೇ?

ಕಸಿಯಾದವನು ಬರೆದದ್ದು:

ಅವರ ಮಾತನ್ನು ಯಾರೂ ತಿದ್ದಬೇಡಿ. ಕೆಳಗಿನ ಪಟ್ಟಿಯಲ್ಲಿ ಮಾತ್ರ ಭಾವನವರ ಎರಡು ತಿಂಗಳ ಸಂಬಳದ ನಷ್ಟವನ್ನು ಸಂಕೋಚವಿಲ್ಲದೆ ಪ್ರತ್ಯೇಕ ಸಾಲಾಗಿ ಬರೆಯಿರಿ, ಮನೆಯ ಬಾಡಿಗೆ ಅಲ್ಲಿಂದಲೇ ಹೋಗಬೇಕು.

ಕಡತ ಬರೆದದ್ದು:

ಒಂದು ತಿದ್ದುಪಡಿ ಇದೆ. ‘ಇನ್ನೊಬ್ಬ ರೋಗಿಗೆ ಹೋಗುತ್ತದೆ’ ಎಂಬಲ್ಲಿ ಎರಡು ಭಾಗ ಮಾಡಿ. ಟ್ರಸ್ಟ್‌ಗಳು ಮತ್ತು ಸರ್ಕಾರಿ ನಿಧಿಗಳು ಕೊಟ್ಟದ್ದರಲ್ಲಿ ಉಳಿದ ಹಣವನ್ನು ಆಸ್ಪತ್ರೆ ಸಾಮಾನ್ಯವಾಗಿ ಅವರಿಗೇ ಹಿಂದಿರುಗಿಸುತ್ತದೆ, ಅದರ ಮೇಲೆ ನಿಮಗೆ ಅಧಿಕಾರವಿರುವುದಿಲ್ಲ. ಜನರಿಂದ ಬಂದದ್ದು ಮಾತ್ರ ನೀವು ಹೇಳಿದಂತೆ ವರ್ಗಾವಣೆಯಾಗಬಹುದು. ಅದಕ್ಕೆ ಮನವಿಯ ತಾಣ ಒಪ್ಪುತ್ತದೆಯೇ ಎಂದು ಪ್ರಕಟಿಸುವ ಮೊದಲು ಅವರಿಂದ ಮಿಂಚಂಚೆಯಲ್ಲಿ ಉತ್ತರ ಪಡೆಯಿರಿ. ಆಪರೇಷನ್ನಿಗೆ ಮೊದಲು ಕಟ್ಟುವ ಪ್ರತಿ ಅಡ್ವಾನ್ಸಿಗೂ ರಶೀದಿಯಲ್ಲಿ ಯಾರ ಹೆಸರಿದೆ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಉಳಿಕೆ ಹಣ ಹಿಂದೆ ಬರುವುದು ಅದೇ ಹೆಸರಿಗೆ.

ಮುಂಜಾವು ಬರೆದದ್ದು:

ಆಗಲಿ, ತಾಣಕ್ಕೆ ಇಂದೇ ಬರೆಯುತ್ತೇನೆ. ಜಂಟಿ ಖಾತೆಯ ಅರ್ಜಿ ಕೊಟ್ಟಾಗಿದೆ, ಅಂದಾಜು ಪತ್ರದ ಪ್ರತಿಗಳಿಗೆ ಸೋಮವಾರ ಬರಲು ಹೇಳಿದ್ದಾರೆ. ಅಕ್ಕನ ಸಹಪಾಠಿಗಳಿಗೆ ಫೋನ್ ಮಾಡುವ ಹೊಣೆಯನ್ನು ಚಿಕ್ಕಪ್ಪನ ಮಗಳು ಹೊತ್ತಿದ್ದಾಳೆ. ಊರಿಗೆ ಮರಳಿದ ಮೇಲೆ ಟ್ಯಾಕ್ರೊಲಿಮಸ್ ಮಟ್ಟ ನೋಡುವ ಪ್ರಯೋಗಾಲಯ ನಮಗೆ ಹತ್ತಿರದಲ್ಲಿ ಇದೆಯೇ ಎಂದು ಈಗಲೇ ವಿಚಾರಿಸಬೇಕೇ?

ಶುಶ್ರೂಷಕಿ ಬರೆದದ್ದು:

ಈಗಲೇ ವಿಚಾರಿಸಿ. ಹತ್ತಿರದಲ್ಲಿ ಪರೀಕ್ಷೆ ಮಾಡದಿದ್ದರೂ ರಕ್ತದ ಮಾದರಿಯನ್ನು ಸಂಗ್ರಹಿಸಿ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವ ಕೇಂದ್ರಗಳಿರುತ್ತವೆ. ವರದಿ ಎಷ್ಟು ದಿನಕ್ಕೆ ಬರುತ್ತದೆ, ಬೆಳಗಿನ ಮಾತ್ರೆಯ ಹೊತ್ತಿಗೆ ಮೊದಲು ಅವರು ಬಾಗಿಲು ತೆರೆಯುತ್ತಾರೆಯೇ ಎಂಬ ಎರಡನ್ನು ಕೇಳಿಕೊಳ್ಳಿ. ಮಾತ್ರೆಯ ಹೊತ್ತನ್ನು ಆಸ್ಪತ್ರೆಯವರು ಮೊದಲಿಗೇ ಅದಕ್ಕೆ ಹೊಂದುವಂತೆ ನಿಗದಿ ಮಾಡಿಕೊಡುತ್ತಾರೆ.